ಪ್ಲಿನಿಯ ಪಕ್ಕದಲ್ಲಿ ಕನ್ನಡದ ಟಿಪ್ಪಣಿ

ಮಂಗಳೂರಿನವರಿಗೆ ಪ್ಲಿನಿ ಯಾಕೆ ಅಂತ ಕೇಳಬೇಡಿ ಮಾರಾಯ್ರೆ. ಈ ರೋಮನ್ ಮನುಷ್ಯ ಕ್ರಿ.ಶ. 77ರ ಹೊತ್ತಿಗೆ ಬರೆದ 'ನ್ಯಾಚುರಲ್ ಹಿಸ್ಟರಿ'ಯಲ್ಲಿ 37 ಪುಸ್ತಕಗಳಿವೆ, 6ನೆಯದರಲ್ಲಿ ನಮ್ಮ ಪಡುವಣ ಕರಾವಳಿ ಬರುತ್ತದೆ. ಕೇರಳದ ಮುಜಿರಿಸ್ ಬಂದರಿಗೆ ಹೋಗಿ ಸುಖವಿಲ್ಲ, ಹತ್ತಿರದಲ್ಲೇ ಕಡಲ್ಗಳ್ಳರಿದ್ದಾರೆ, ಅವರ ಜಾಗದ ಹೆಸರು ನಿಟ್ರಿಯಾಸ್ ಅನ್ನುತ್ತಾನೆ. ನಿಟ್ರಿಯಾಸ್ ಅಂದ ಕೂಡಲೇ ನೇತ್ರಾವತಿ ನೆನಪಾಗುತ್ತದೆ, ಅಲ್ವಾ? ನನಗೂ ಆಗಿತ್ತು. ಎಡವಿದ್ದು ಅಲ್ಲೇ.

ಇಂಥ ಪಠ್ಯವನ್ನು ವೆಬ್‌ನಲ್ಲಿ ಓದುತ್ತಾ ಪಕ್ಕದಲ್ಲೇ ಕನ್ನಡ ಟಿಪ್ಪಣಿ ಬರೆಯುವುದು ಹೇಗೆ ಅಂತ ಹೇಳುತ್ತೇನೆ. ಮೊದಲು ಪಠ್ಯ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲಿ ಪ್ಲಿನಿಯ ಲ್ಯಾಟಿನ್ ಮೂಲವೂ ಇದೆ, ಇಂಗ್ಲಿಷ್ ಅನುವಾದವೂ ಇದೆ, ಎರಡೂ ಉಚಿತ. ನಮಗೆ ಬೇಕಾದ ಸಾಲಿನ ವಿಳಾಸ 6.104, ಅಂದರೆ 6ನೇ ಪುಸ್ತಕದ 104ನೇ ಭಾಗ. ಹಳೇ ಇಂಗ್ಲಿಷ್ ಅನುವಾದದಲ್ಲಿ ಇದೇ ಭಾಗ 26ನೇ ಅಧ್ಯಾಯದಲ್ಲಿದೆ. ಎರಡೂ ನಂಬರ್ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಹುಡುಕುವುದರಲ್ಲೇ ಭಾನುವಾರ ಮುಗಿಯುತ್ತದೆ.

ಆಮೇಲೆ ವೆಬ್ ಪುಟದ ಪಕ್ಕದಲ್ಲಿ ಟಿಪ್ಪಣಿ ಬರೆಯಲು ಹೈಪಾಥಿಸಿಸ್ ಅನ್ನುವ ಟೂಲ್. ಖಾತೆ ತೆರೆಯಿರಿ, ಕ್ರೋಮ್‌ಗೆ ಅದರ ಎಕ್ಸ್‌ಟೆನ್ಶನ್ ಹಾಕಿ. ವೆಬ್ ಪುಟದಲ್ಲಿ ಯಾವುದೇ ಪದವನ್ನು ಸೆಲೆಕ್ಟ್ ಮಾಡಿದರೆ ಪುಟ್ಟ ಬಟನ್ ಬರುತ್ತದೆ, ಒತ್ತಿ, ಬಲಬದಿಯಲ್ಲಿ ಬರೆಯಿರಿ. ಕನ್ನಡ ಚೆನ್ನಾಗಿಯೇ ಬರುತ್ತದೆ. ಪೋಸ್ಟ್ ಮಾಡುವ ಮೊದಲು ಒಮ್ಮೆ ನೋಡಿ: ಅದು ಪಬ್ಲಿಕ್‌ನಲ್ಲಿದೆಯಾ, ನಿಮ್ಮ ಖಾಸಗಿ ಗುಂಪಿನಲ್ಲಿದೆಯಾ? ನಾನು ನೋಡಲಿಲ್ಲ. 'ಇದು ನಮ್ಮ ನೇತ್ರಾವತಿಯೇ!' ಅಂತ ಬರೆದು ಊರಿಗೆಲ್ಲ ಕಾಣುವ ಹಾಗೆ ಹಾಕಿದೆ. ಎರಡು ದಿನದಲ್ಲಿ ಯಾರೋ ಕೆಳಗೆ ಒಂದೇ ಮಾತು ಕೇಳಿದರು: ಪ್ಲಿನಿ ಹಾಗೆ ಎಲ್ಲಿ ಹೇಳಿದ್ದಾನೆ?

ಎಲ್ಲೂ ಹೇಳಿಲ್ಲ. ನಿಟ್ರಿಯಾಸ್ ಮಂಗಳೂರಿನ ಹತ್ತಿರ ಎಂದು ವಾದಿಸಿದ ವಿದ್ವಾಂಸರಿದ್ದಾರೆ, ಆದರೆ ಅದು ಅವರ ವಾದ, ಪ್ಲಿನಿಯ ಮಾತಲ್ಲ. ಅಂದಿನಿಂದ ನಮ್ಮ ಮೂರು ಜನರ ಗುಂಪಿನಲ್ಲಿ ಪ್ರತಿ ಟಿಪ್ಪಣಿಗೂ ಒಂದು ಟ್ಯಾಗ್ ಕಡ್ಡಾಯ: 'ಪಠ್ಯ', 'ವ್ಯಾಕರಣ', 'ಊಹೆ'. ನಾಲ್ಕನೆಯದು ಬೇಡ. ಟ್ಯಾಗ್ ಜಾಸ್ತಿಯಾದರೆ ಯಾರೂ ಹಾಕುವುದಿಲ್ಲ.

ವ್ಯಾಕರಣ ಹೇಗೆ ಅಂತೀರಾ? ಅದೇ 104ರಲ್ಲಿ ಮುಂದೆ 'ಲಿಂಟ್ರಿಬುಸ್' ಅನ್ನುವ ಪದ ಬರುತ್ತದೆ. ಹಡಗು ದಡದಿಂದ ದೂರ ನಿಲ್ಲುತ್ತದೆ, ಸರಕನ್ನು ಲಿಂಟ್ರಿಬುಸ್ ತರುತ್ತಾರೆ, ಒಯ್ಯುತ್ತಾರೆ. ಪರ್ಸಿಯಸ್‌ನಲ್ಲಿ ಲ್ಯಾಟಿನ್ ಪದದ ಮೇಲೆ ಕ್ಲಿಕ್ ಮಾಡಿದರೆ ಮೂಲ ರೂಪ, ವಿಭಕ್ತಿ, ನಿಘಂಟಿನ ಕೊಂಡಿ ಸಿಗುತ್ತದೆ. ಇಲ್ಲಿ ಮೂಲ 'ಲಿಂಟರ್', ಅಂದರೆ ಸಣ್ಣ ದೋಣಿ. ಆದರೆ ಈ ರೂಪಕ್ಕೆ ಎರಡು ಅರ್ಥ ಸಾಧ್ಯ: 'ದೋಣಿಗಳಿಗೆ' ಅಂತಲೂ ಆಗಬಹುದು, 'ದೋಣಿಗಳಿಂದ' ಅಂತಲೂ ಆಗಬಹುದು. ಯಾವುದೆಂದು ಯಂತ್ರ ಖಚಿತವಾಗಿ ಹೇಳಲಾರದು, ವಾಕ್ಯ ಓದಿ ನೀವೇ ತೀರ್ಮಾನಿಸಬೇಕು. ಇಲ್ಲಿ ಎರಡನೆಯದು, ಅಂದರೆ ದೋಣಿಗಳ ಮೂಲಕ. ಮೂಲದಲ್ಲಿ ಈ ಪದ 'ಲಿಂಟ್ರಿಬುಸ್ಕ್ವೆ' ಅಂತಿದೆ, ಬಾಲದಲ್ಲಿ ಅಂಟಿರುವ 'ಕ್ವೆ' ಅಂದರೆ 'ಮತ್ತು', ನಾವು 'ದೋಣಿಯೂ ಹಡಗೂ' ಅನ್ನುವಾಗ ಕೊನೆಗೆ 'ಊ' ಅಂಟಿಸುತ್ತೇವಲ್ಲ, ಹಾಗೆ. ಇಷ್ಟನ್ನು ನಾಲ್ಕು ಸಾಲಲ್ಲಿ ಬರೆದರೆ ಒಂದು ಒಳ್ಳೆ ಟಿಪ್ಪಣಿ ಆಯಿತು. ಮಂಗಳೂರಿನ ಹಳೇ ಬಂದರಿನ ಧಕ್ಕೆ (ದೋಣಿಕಟ್ಟೆ) ನೋಡಿದವರಿಗೆ ಈ ವಾಕ್ಯ ನಮ್ಮೂರಿನದೇ ಅನಿಸುತ್ತದೆ. ಆದರೆ ಅವನು ಹೇಳುತ್ತಿರುವುದು ಮುಜಿರಿಸ್ ಬಗ್ಗೆ, ಅದು ಕೇರಳದ್ದು.

ಟಿಪ್ಪಣಿ ಬರೆಯದೆ ಸುಮ್ನೆ ಹಳದಿ ಹೈಲೈಟ್ ಬಳಿಯಬೇಡಿ. ನನ್ನ ಮೊದಲ ಪುಟ ಅರಿಶಿನ ಹಚ್ಚಿದ ಹಾಗಿತ್ತು, ಒಂದು ಮಾತೂ ನೆನಪಿರಲಿಲ್ಲ.

ಊರಿನ ಹೆಸರು ಬಂದಾಗ ಪ್ಲೆಯೇಡಿಸ್ ಅನ್ನುವ ವೆಬ್‌ಸೈಟ್‌ನಲ್ಲಿ ಹುಡುಕಿ, ಪ್ರಾಚೀನ ಸ್ಥಳಗಳಿಗೆ ಅಲ್ಲಿ ಒಂದೊಂದು ಸ್ಥಿರ ಕೊಂಡಿ ಇರುತ್ತದೆ. ಅದನ್ನು ಟಿಪ್ಪಣಿಯಲ್ಲಿ ಅಂಟಿಸಿದರೆ ಯಾವ ಮುಜಿರಿಸ್ ಅಂತ ಜಗಳ ಬೇಡ.

ಇನ್ನೊಂದು ಕಿರಿಕಿರಿ: ಟಿಪ್ಪಣಿ ಅಂಟಿಕೊಳ್ಳುವುದು ಪುಟದ ಲಿಂಕ್‌ಗೆ. ನೀವು ಒಂದು ಲಿಂಕ್‌ನಲ್ಲಿ, ಗೆಳೆಯ ಇನ್ನೊಂದರಲ್ಲಿ ಅದೇ ಪಠ್ಯ ತೆರೆದರೆ ಒಬ್ಬರದ್ದು ಒಬ್ಬರಿಗೆ ಕಾಣದೆ ಹೋಗಬಹುದು. ಮೊದಲೇ ಒಂದು ಲಿಂಕ್ ವಾಟ್ಸ್ಯಾಪ್‌ನಲ್ಲಿ ಹಾಕಿ, ಎಲ್ಲರೂ ಅದನ್ನೇ ತೆರೆಯಲಿ.

ಕೈ ಕುದುರಿದ ಮೇಲೆ ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಊರಲ್ಲಿ ಸಿಕ್ಕ 413ನೇ ಪಪೈರಸ್ (ಜೊಂಡಿನ ಹಾಳೆಯ ಹಸ್ತಪ್ರತಿ) ತೆಗೆಯಿರಿ. 1903ರಲ್ಲಿ ಅಚ್ಚಾದ ಈ ಗ್ರೀಕ್ ಪ್ರಹಸನದಲ್ಲಿ ಭಾರತದ ರಾಜ ಏನೇನೋ ಮಾತಾಡುತ್ತಾನೆ. ಅದು ಕನ್ನಡ ಎಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಷ್ ಹೇಳಿದರು, ಮಂಜೇಶ್ವರದ ಗೋವಿಂದ ಪೈಗಳೂ ಅದರ ಮೇಲೆ ಬರೆದರು, ಅಲ್ಲ ಅದು ತುಳು ಅನ್ನುವವರೂ ಇದ್ದಾರೆ. ಅಲ್ಲಿ 'ಊಹೆ' ಟ್ಯಾಗ್‌ಗೆ ಕೈತುಂಬ ಕೆಲಸ.