ನಾಲಿಗೆಯ ತುದಿಯಲ್ಲಿ ನಿಂತ ಪದವನ್ನು ಹೊರತರುವ ಬಗೆ

ಮಾತಿನ ನಡುವೆ ಒಂದು ಪದ ಕೈಕೊಟ್ಟಾಗ ಬಹುತೇಕ ಜನ ಅದರ ಅರ್ಥವನ್ನೇ ಮತ್ತೆ ಮತ್ತೆ ಮೆಲುಕು ಹಾಕುತ್ತ, ಪದ ತಾನಾಗಿ ಬಾಯಿಗೆ ಬರಲೆಂದು ಮನಸ್ಸನ್ನು ಒತ್ತಾಯಿಸುತ್ತಾರೆ. ಇದರಿಂದ ಪ್ರಯೋಜನ ಕಡಿಮೆ. ಆ ಹೊತ್ತಿನಲ್ಲಿ ಅರ್ಥ ನಮ್ಮ ಬಳಿಯಲ್ಲೇ ಇರುತ್ತದೆ, ಕೈತಪ್ಪಿರುವುದು ಪದದ ಧ್ವನಿ ಮಾತ್ರ. ಆದ್ದರಿಂದ ಹುಡುಕಾಟವನ್ನು ಅರ್ಥದ ಕಡೆಯಿಂದ ಧ್ವನಿಯ ಕಡೆಗೆ ತಿರುಗಿಸುವುದೇ ಇಲ್ಲಿ ಮಾಡಬೇಕಾದ ಮುಖ್ಯ ಕೆಲಸ.

ಮನಸ್ಸಿನಲ್ಲಿ ಉಳಿದ ಆ ಖಾಲಿ ಜಾಗ ಬರಿಯ ಶೂನ್ಯವಲ್ಲ, ತಪ್ಪು ಪದವನ್ನು ಮುಂದಿಟ್ಟರೆ ಕೂಡಲೇ ತಳ್ಳಿಹಾಕುವಷ್ಟು ಚುರುಕಾಗಿರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಗುರುತಿಸಿದ್ದರು. 1966ರಲ್ಲಿ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಇದನ್ನು ಪ್ರಯೋಗಕ್ಕೆ ಒಳಪಡಿಸಿದರು. ಅಪರೂಪದ ಪದಗಳ ಅರ್ಥವಿವರಣೆಯನ್ನು ಓದಿ ಹೇಳಿ, ಆ ಪದ ಯಾವುದೆಂದು ಕೇಳಿದಾಗ, ಪದ ಬಾಯಿಗೆ ಬಾರದೆ ಒದ್ದಾಡುತ್ತಿದ್ದವರು ಸಹ ಅದರ ಮೊದಲ ಅಕ್ಷರವನ್ನೂ ಅದು ಎಷ್ಟು ಉದ್ದದ ಪದ ಎಂಬುದನ್ನೂ ಅನೇಕ ಬಾರಿ ಸರಿಯಾಗಿಯೇ ಊಹಿಸಿದರು. ಅಂದರೆ ಪದದ ಚೂರುಗಳು ನಮಗೆ ಗೊತ್ತಿರುತ್ತವೆ. ಅವು ಗೊತ್ತಿವೆ ಎಂಬುದನ್ನು ನಾವು ಗಮನಿಸಿರುವುದಿಲ್ಲ, ಅಷ್ಟೆ.

ಹಾಗಾಗಿ ಮೊದಲು ಆ ಚೂರುಗಳನ್ನು ಕಾಗದದ ಮೇಲೆ ಇಳಿಸಿ. ಪದ ಯಾವ ಅಕ್ಷರದಿಂದ ಶುರುವಾಗುವಂತೆ ಅನ್ನಿಸುತ್ತದೆ, ಎಷ್ಟು ಅಕ್ಷರಗಳಿವೆ, ಕೊನೆ ಹೇಗಿದೆ, ಒತ್ತಕ್ಷರ ಇದೆಯೇ, ಸಂಸ್ಕೃತದ ಛಾಯೆಯ ಪದವೇ ಅಥವಾ ಅಚ್ಚಗನ್ನಡದ್ದೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಒಂದು ಉದಾಹರಣೆ ನೋಡೋಣ. ಇದ್ದುದಕ್ಕಿಂತ ಹೆಚ್ಚಾಗಿ ಬಣ್ಣಿಸಿ ಹೇಳುವುದಕ್ಕೆ ಒಂದು ಪದ ಬೇಕಾಗಿದೆ, ಅದು ಹೊಳೆಯುತ್ತಿಲ್ಲ. ಮೂರು ಅಕ್ಷರ, ಮೊದಲಲ್ಲಿ ‘ಉ’, ಕೊನೆಯಲ್ಲಿ ‘ಕ್ಷೆ’ ಎಂಬಷ್ಟು ಮಾತ್ರ ಮಸುಕಾಗಿ ತೋಚುತ್ತಿದೆ. ಅಷ್ಟರಲ್ಲಿ ‘ಉಪೇಕ್ಷೆ’ ಎಂಬ ಪದ ಮುಂದೆ ಬಂದು ನಿಲ್ಲುತ್ತದೆ. ಅದಲ್ಲವೆಂದು ತಿಳಿದಿದೆ, ಆದರೂ ಅದು ಜಾಗ ಬಿಡುವುದಿಲ್ಲ. ತಳ್ಳಿದಷ್ಟೂ ಮರಳಿ ಬರುತ್ತದೆ, ಜೊತೆಗೆ ‘ಅಪೇಕ್ಷೆ’, ‘ನಿರೀಕ್ಷೆ’ಗಳನ್ನೂ ಕರೆತರುತ್ತದೆ.

ಇಂತಹ ಅಡ್ಡಬಂದ ಪದದೊಡನೆ ಗುದ್ದಾಡುವುದು ವ್ಯರ್ಥ. ಅದನ್ನೂ ಒಂದು ಸುಳಿವಾಗಿ ಬರೆದುಕೊಂಡು ಬದಿಗಿಡಿ, ಏಕೆಂದರೆ ಅದು ಬೇಕಾದ ಪದವನ್ನು ಧ್ವನಿಯಲ್ಲಿ ಹೋಲುತ್ತಿರುವ ಸಾಧ್ಯತೆ ಹೆಚ್ಚು. ಆಮೇಲೆ ಅರ್ಥದ ಗೊಡವೆಗೆ ಹೋಗದೆ, ಅದೇ ಬಗೆಯ ಆರಂಭವುಳ್ಳ ಬೇರೆ ಬೇರೆ ಪದಗಳನ್ನು ಬಾಯಿಬಿಟ್ಟು ಹೇಳುತ್ತ ಹೋಗಿ: ಉಪಾಯ, ಉದ್ವೇಗ, ಉತ್ತರ, ಉತ್ಸಾಹ, ಉತ್ಪನ್ನ, ಉತ್ಪಾದನೆ. ‘ಉತ್ಪ’ ಎಂಬ ಧ್ವನಿ ಎರಡು ಬಾರಿ ನಾಲಿಗೆಯ ಮೇಲೆ ಹಾಯ್ದ ಮೇಲೆ ‘ಉತ್ಪ್ರೇಕ್ಷೆ’ ತಾನಾಗಿ ಹೊರಬೀಳುವುದು ಅಚ್ಚರಿಯಲ್ಲ. ಪದದ ಅರ್ಥ ಮತ್ತು ಧ್ವನಿಯ ನಡುವಿನ ಕೊಂಡಿ ದುರ್ಬಲವಾದಾಗ ಈ ತೊಡಕು ಉಂಟಾಗುತ್ತದೆ ಎಂಬುದು 1991ರಲ್ಲಿ ಡೆಬೊರಾ ಬರ್ಕ್, ಡೊನಾಲ್ಡ್ ಮೆಕೇ ಮತ್ತು ಅವರ ಸಹೋದ್ಯೋಗಿಗಳು ಮಂಡಿಸಿದ ವಿವರಣೆ. ಬೇಕಾದ ಪದದ ಧ್ವನಿಗಳನ್ನೇ ಹಂಚಿಕೊಂಡ ಇತರ ಪದಗಳನ್ನು ಉಚ್ಚರಿಸಿದವರಿಗೆ ಸಿಕ್ಕಿಬಿದ್ದ ಪದ ಹೆಚ್ಚು ಸುಲಭವಾಗಿ ದೊರೆಯಿತೆಂದು ಮುಂದೆ 2000ದಲ್ಲಿ ಲೋರಿ ಜೇಮ್ಸ್ ಮತ್ತು ಬರ್ಕ್ ತೋರಿಸಿದರು.

ಚೂರುಗಳೇ ತೋಚದಿದ್ದರೆ ವರ್ಣಮಾಲೆಯನ್ನು ಹಿಡಿದು ಹೊರಡಬಹುದು. ಗಡಿಬಿಡಿಯಲ್ಲಿ ಓಡಿಸಿದರೆ ಇದು ಫಲಿಸದು. ಪ್ರತಿ ಅಕ್ಷರದ ಬಳಿಯೂ ಒಂದು ಉಸಿರಿನಷ್ಟು ನಿಂತು, ವ್ಯಂಜನವಾದರೆ ಕ, ಕಾ, ಕಿ ಎಂದು ಕಾಗುಣಿತದ ನಾಲ್ಕಾರು ರೂಪಗಳನ್ನು ಮೆಲುದನಿಯಲ್ಲಿ ಹೇಳಬೇಕು.

ಎಷ್ಟು ಹೊತ್ತು ಹುಡುಕಬೇಕು ಎಂಬುದು ಹೇಗೆ ಹುಡುಕಬೇಕು ಎಂಬುದರಷ್ಟೇ ಮುಖ್ಯ. ಕ್ಯಾರಿನ್ ಹಂಫ್ರೀಸ್ ಮತ್ತು ಏಮಿ ಬೆತ್ ವಾರಿನರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದ ಹೊಳೆಯದೆ ಸಿಕ್ಕಿಬಿದ್ದವರನ್ನು 10 ಅಥವಾ 30 ಸೆಕೆಂಡುಗಳ ಕಾಲ ಅದೇ ಸ್ಥಿತಿಯಲ್ಲಿ ಬಿಟ್ಟು ಆಮೇಲೆ ಉತ್ತರವನ್ನು ತಿಳಿಸಲಾಯಿತು. ಹೆಚ್ಚು ಹೊತ್ತು ಒದ್ದಾಡಿದವರು ಎರಡು ದಿನಗಳ ಬಳಿಕ ಅದೇ ಪದದಲ್ಲಿ ಮತ್ತೆ ಸಿಕ್ಕಿಬೀಳುವ ಸಂಭವ ಹೆಚ್ಚಾಗಿತ್ತು. ಮಳೆಗಾಲದಲ್ಲಿ ಗಾಡಿಯ ಚಕ್ರ ಒಂದೇ ಕೆಸರುಹಳ್ಳದಲ್ಲಿ ತಿರುಗಿದಷ್ಟೂ ಹಳ್ಳ ಆಳವಾಗುವಂತೆ, ತಪ್ಪು ಹಾದಿಯಲ್ಲಿ ತಡಕಾಡಿದಷ್ಟೂ ಮನಸ್ಸು ಆ ತಪ್ಪನ್ನೇ ಕಲಿಯುತ್ತದೆ. ಆದ್ದರಿಂದ ಧ್ವನಿಯ ದಾರಿಯಲ್ಲಿ ಸ್ವಲ್ಪ ಹೊತ್ತು ಪ್ರಯತ್ನಿಸಿ, ಹೊಸ ಚೂರು ಯಾವುದೂ ಸಿಗುತ್ತಿಲ್ಲ ಎನ್ನಿಸಿದ ಕೂಡಲೇ ನಿಲ್ಲಿಸುವುದು ಸೋಲಲ್ಲ, ಜಾಣತನ. ಬೇರೆ ಕೆಲಸದಲ್ಲಿ ತೊಡಗಿದ್ದಾಗ ಪದ ಥಟ್ಟನೆ ಹೊಳೆಯುವುದು ಎಲ್ಲರ ಅನುಭವವೂ ಹೌದು.

ಪಕ್ಕದಲ್ಲಿ ಪದ ಬಲ್ಲವರಿದ್ದರೆ ಇಡೀ ಪದವನ್ನು ಕೇಳಬೇಡಿ. ಮೊದಲ ಅಕ್ಷರವನ್ನಷ್ಟೇ ಹೇಳಲು ಕೋರಿ. ಸುಳಿವಿನ ನೆರವಿನಿಂದಲಾದರೂ ಸರಿ, ತಾನೇ ಹುಡುಕಿಕೊಂಡ ಪದ ಮುಂದಿನ ಬಾರಿ ಕೈಕೊಡುವುದು ಕಡಿಮೆ. ಯಾರೂ ಇಲ್ಲದಿದ್ದರೆ ನಿಘಂಟನ್ನು ತೆರೆಯಬೇಕು. ಅಕಾರಾದಿಯಾಗಿ ಜೋಡಿಸಿದ ನಿಘಂಟು, ಪದವೇ ಗೊತ್ತಿಲ್ಲದವನಿಗೆ ಅಷ್ಟೇನೂ ಒದಗುವುದಿಲ್ಲ; ಅಮರಕೋಶದಂತೆ, ಅಥವಾ 1852ರಲ್ಲಿ ಪ್ರಕಟವಾದ ರೋಜೆಟ್ ಅವರ ಥೆಸಾರಸ್‌ನಂತೆ, ವಿಷಯಕ್ಕೆ ಅನುಗುಣವಾಗಿ ವಿಂಗಡಿಸಿದ ಕೋಶಗಳು ಇಂತಹ ಸಮಯಕ್ಕೆಂದೇ ಇರುವಂಥವು. ಎರಡು ಭಾಷೆ ಬಲ್ಲವರಲ್ಲಿ ಈ ತೊಡಕು ತುಸು ಹೆಚ್ಚು, ಆದರೆ ಪರಿಹಾರವೂ ಅವರ ಬಳಿಯೇ ಇದೆ: ಇನ್ನೊಂದು ಭಾಷೆಯ ಪದ ನೆನಪಿದ್ದರೆ ದ್ವಿಭಾಷಾ ನಿಘಂಟು ಅರೆನಿಮಿಷದ ಕೆಲಸ.

ಪದ ಸಿಕ್ಕ ಮೇಲೆ ‘ಹಾಂ, ಅದೇ’ ಎಂದು ಬಿಟ್ಟುಬಿಡುವುದು ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ. ಕೊಂಡಿ ದುರ್ಬಲವಾಗಿದೆ ಎಂಬುದು ಈಗಷ್ಟೇ ರುಜುವಾತಾಗಿದೆ. ಅದನ್ನು ಬಿಗಿಗೊಳಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಪದವನ್ನು ಗಟ್ಟಿಯಾಗಿ ಎರಡು ಮೂರು ಬಾರಿ ಉಚ್ಚರಿಸಿ, ಒಂದು ವಾಕ್ಯದಲ್ಲಿ ಬಳಸಿ, ಸಂಜೆಗೊಮ್ಮೆ ಮಾರನೆಯ ದಿನಕ್ಕೊಮ್ಮೆ ಅರ್ಥದಿಂದ ಶುರುಮಾಡಿ ಪದವನ್ನು ಕರೆದು ನೋಡಿ.

ಸಭೆಯಲ್ಲಿ ಮಾತನಾಡುತ್ತಿರುವಾಗ ಹೀಗಾದರೆ ಹುಡುಕಲು ನಿಲ್ಲಬೇಡಿ. ‘ಇದ್ದುದಕ್ಕಿಂತ ಹೆಚ್ಚಾಗಿ ಹೇಳುವುದು’ ಎಂದು ವಿವರಿಸಿ ಮುಂದುವರಿದರೆ ಕೇಳುವವರಿಗೆ ಕೊರತೆ ತಿಳಿಯುವುದೂ ಇಲ್ಲ.

ವಯಸ್ಸಾದಂತೆ ಪದಗಳು ಹೀಗೆ ತಡೆಯುವುದು ಹೆಚ್ಚಾಗುವುದು ಸಹಜ, ಅದಷ್ಟೇ ಮರೆವಿನ ಕಾಯಿಲೆಯ ಗುರುತಲ್ಲ. ಆದರೆ ದಿನಬಳಕೆಯ ವಸ್ತುಗಳ ಹೆಸರುಗಳೇ ಪದೇ ಪದೇ ತಪ್ಪತೊಡಗಿದರೆ, ವಸ್ತುವಿನ ಉಪಯೋಗವೇ ಮರೆತುಹೋಗುತ್ತಿದ್ದರೆ ವೈದ್ಯರನ್ನು ಕಾಣಬೇಕು. ಮಾತು ಇದ್ದಕ್ಕಿದ್ದಂತೆ ತೊದಲಿದರೆ ಅಥವಾ ನಿಂತೇಹೋದರೆ, ಅದರಲ್ಲೂ ಮುಖ ಒಂದು ಬದಿಗೆ ಜೋತರೆ, ಒಂದು ಕೈ ಸೋತರೆ, ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದಾದ್ದರಿಂದ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ವ್ಯಕ್ತಿಗಳ ಹೆಸರಿನ ವಿಷಯದಲ್ಲಿ ಮಾತ್ರ ಈ ಉಪಾಯಗಳು ತುಸು ದುರ್ಬಲ. ಮುಖವೊಂದನ್ನು ತೋರಿಸಿ ‘ಈತ ಕುಂಬಾರ’ ಎಂದರೆ ಮಣ್ಣು, ತಿಗರಿ, ಮಡಕೆಗಳೆಲ್ಲ ನೆನಪಿಗೆ ಆಸರೆಯಾಗುತ್ತವೆ. ಅದೇ ಪದ ಬರಿಯ ಹೆಸರಾಗಿ ಬಂದರೆ ಯಾವ ಆಸರೆಯೂ ಇರುವುದಿಲ್ಲ. ಹೀಗೆ ವೃತ್ತಿಯೂ ಹೌದು ಹೆಸರೂ ಹೌದು ಎನ್ನಬಹುದಾದ ಪದಗಳನ್ನಿಟ್ಟು 1987ರಲ್ಲಿ ಇಂಗ್ಲೆಂಡಿನ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ ವೃತ್ತಿಗಿಂತ ಹೆಸರನ್ನು ನೆನೆಯುವುದೇ ಕಷ್ಟವಾಗಿತ್ತು. ಹೆಸರಿಗೆ ಸಿದ್ಧತೆಯೇ ಮದ್ದು: ಬಹಳ ದಿನಗಳ ಬಳಿಕ ಕೆಲವರನ್ನು ಭೇಟಿಯಾಗಲಿರುವಾಗ, ಹೊರಡುವ ಮೊದಲೇ ಅವರ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಿ. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು.