ಮೋಹನ ರಾಗಕ್ಕೊಂದು ವಿಕಿಪೀಡಿಯ ಪುಟ: ಬರೆಯುವುದು ಹೇಗೆ?

‘ಮೋಹನ ಅತ್ಯಂತ ಮಧುರವಾದ ರಾಗ. ಕೇಳುಗರ ಮನಸೂರೆಗೊಳ್ಳುತ್ತದೆ.’ ರಾಗದ ಬಗ್ಗೆ ಬರೆಯಲು ಕೂತವರಿಗೆ ಮೊದಲು ಹೊಳೆಯುವ ಸಾಲು ಇದೇ. ಅಳಿಸಿಬಿಡಿ. ಯಾವ ರಾಗದ ಹೆಸರು ಹಾಕಿದರೂ ಹೊಂದುತ್ತದೆ, ಅಲ್ವಾ? ವಿಶ್ವಕೋಶದ ಪುಟಕ್ಕೆ ಬೇಕಾದದ್ದು ಬೇರೆಯವರು ಪುಸ್ತಕ ತೆರೆದು ಸರಿನೋಡಬಹುದಾದ ಮಾತು. ‘ಮೋಹನ ಕರ್ನಾಟಕ ಸಂಗೀತದ ಒಂದು ಔಡವ (ಐದು ಸ್ವರಗಳ) ರಾಗ. ಆರೋಹಣ, ಅವರೋಹಣ ಎರಡರಲ್ಲೂ ಮಧ್ಯಮ, ನಿಷಾದ ಇಲ್ಲ’ ಎಂದು ಶುರು ಮಾಡಿ. ನೇರವಾಗಿ ಪುಟದಲ್ಲಿ ಬೇಡ, ಮೊದಲು ನಿಮ್ಮ ಪ್ರಯೋಗಪುಟದಲ್ಲಿ (ಕರಡು ಬರೆಯುವ ಪುಟ) ಬರೆಯಿರಿ.

ಆಮೇಲೆ ಸ್ವರಗಳು. ಸ ರಿ2 ಗ3 ಪ ದ2 ಸ, ಇಳಿಯುವಾಗಲೂ ಅವೇ. ಸ್ವರದ ಯಾವ ಬಗೆ ಎಂದು ತೋರಿಸುವ ಅಂಕಿ ಮಾತ್ರ ಹಾಕಿ ಬಿಡಬೇಡಿ. ಚತುಶ್ರುತಿ ರಿಷಭ, ಅಂತರ ಗಾಂಧಾರ, ಚತುಶ್ರುತಿ ಧೈವತ ಎಂದು ಹೆಸರನ್ನೂ ಬರೆಯಿರಿ. ಜಾಸ್ತಿ ಜನ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಮೋಹನಕ್ಕೆ ಹತ್ತಿರದ ಭೂಪಾಲಿ ರಾಗದ ಬಗ್ಗೆ ಹಿಂದುಸ್ತಾನಿ ಪುಸ್ತಕವೊಂದನ್ನು ಪಕ್ಕದಲ್ಲಿಟ್ಟುಕೊಂಡು ಮೋಹನದ ಟಿಪ್ಪಣಿ ಬರೆಯುತ್ತಿದ್ದೆ. ಗಾಂಧಾರವನ್ನು ಸರಿಯಾಗಿ ‘ಅಂತರ’ ಎಂದೇ ಬರೆದೆ, ರಿ ಮತ್ತು ದ ಎರಡಕ್ಕೂ ‘ಶುದ್ಧ’ ಅಂದೆ. ಹಿಂದುಸ್ತಾನಿಯ ಶುದ್ಧ ರಿಷಭ ಕರ್ನಾಟಕ ಸಂಗೀತದಲ್ಲಿ ಚತುಶ್ರುತಿ. ಕರ್ನಾಟಕದ ಶುದ್ಧ ರಿಷಭ ಅಂದರೆ ಹಿಂದುಸ್ತಾನಿಯ ಕೋಮಲ, ಅಂದರೆ ತಗ್ಗಿದ ರಿಷಭ. ಒಂದೇ ಪದದಿಂದ ನನ್ನ ಮೋಹನ ರೇಗುಪ್ತಿ ಎಂಬ ಬೇರೆ ರಾಗವೇ ಆಗಿಹೋಗಿತ್ತು! ಧಾರವಾಡದ ಕಡೆ ಕಲಿತವರೂ ಮೈಸೂರಿನ ಕಡೆ ಕಲಿತವರೂ ಓದುವ ಪುಟ ಇದು. ಹಾಗಾಗಿ ಯಾವ ಪದ್ಧತಿಯ ಹೆಸರು ಎಂದು ಪ್ರತಿ ಸಲವೂ ಹೇಳಲೇಬೇಕು.

ಮುಂದಿನದು ಮೇಳ, ಅಂದರೆ ಏಳೂ ಸ್ವರಗಳಿರುವ ಮೂಲ ರಾಗ. ಮೋಹನವನ್ನು ಸಾಮಾನ್ಯವಾಗಿ 28ನೆಯ ಮೇಳ ಹರಿಕಾಂಭೋಜಿಯ ಜನ್ಯ (ಅದರಿಂದ ಹುಟ್ಟಿದ ರಾಗ) ಎನ್ನುತ್ತಾರೆ. ಮೇಳದ ಸಂಖ್ಯೆ ಸರಿಯಿದೆಯೇ ಎಂದು ನೋಡಲು ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಸಾಕು, ಹೆಸರಿನ ಮೊದಲೆರಡು ಅಕ್ಷರ ನೋಡಿ. ಹ ಅಂದರೆ 8, ರಿ ಅಂದರೆ 2. 82 ಅನ್ನು ತಿರುಗಿಸಿದರೆ 28. ಆದರೆ ಮ, ನಿ ಇಲ್ಲದ ಈ ರಾಗದ ಸ್ವರಗಳು 29ರ ಶಂಕರಾಭರಣ, 64ರ ವಾಚಸ್ಪತಿ, 65ರ ಕಲ್ಯಾಣಿಯಲ್ಲೂ ಸಿಗುತ್ತವೆ. ‘ನನ್ನ ಪ್ರಕಾರ ಇದು ಕಲ್ಯಾಣಿಯ ಜನ್ಯ’ ಎಂದು ಪುಟದಲ್ಲಿ ವಾದ ಹೂಡಬೇಡಿ. ಯಾವ ಗ್ರಂಥ ಏನು ಹೇಳುತ್ತದೆ ಎಂದು ಬರೆದು, ಪುಟ ಸಂಖ್ಯೆ ಸಮೇತ ಉಲ್ಲೇಖ ಕೊಡಿ. ನಿಮ್ಮ ವಾದವನ್ನು ಚರ್ಚೆ ಪುಟದಲ್ಲಿ ಹಾಕಿ.

ಕೊಂಡಿ ಕೊಡುವಾಗ ಹೆಸರು ನೋಡಿ ಮೋಸಹೋಗಬೇಡಿ. ಮೋಹನಕ್ಕೆ ಹತ್ತಿರದ್ದು ಹಿಂದುಸ್ತಾನಿಯ ಭೂಪಾಲಿ. ಕರ್ನಾಟಕ ಸಂಗೀತದ ಭೂಪಾಳ ಅಲ್ಲ. ಭೂಪಾಳದಲ್ಲಿ ರಿ1 ಗ2 ದ1. ‘ಹತ್ತಿರದ್ದು’ ಎಂದೇ ಬರೆಯಿರಿ, ‘ಎರಡೂ ಒಂದೇ’ ಅನ್ನಬೇಡಿ. ದೇಶ್‌ಕಾರ್ ರಾಗದ್ದೂ ಭೂಪಾಲಿಯ ಐದೇ ಸ್ವರಗಳು. ಆದರೂ ಭೂಪಾಲಿಗೆ ಗಾಂಧಾರ ವಾದಿ (ಮುಖ್ಯ ಸ್ವರ), ದೇಶ್‌ಕಾರ್‌ಗೆ ಧೈವತ. ಒಂದು ರಾತ್ರಿಯ ಮೊದಲ ಜಾವದ್ದು, ಇನ್ನೊಂದು ಬೆಳಗಿನದು. ಸ್ವರಪಟ್ಟಿ ಒಂದೇ ಎಂದು ಎರಡು ಪುಟ ಸೇರಿಸಿದರೆ ರಾಗವೇ ಕಳೆದುಹೋಗುತ್ತದೆ. ಪಾಶ್ಚಾತ್ಯ ಸಂಗೀತದ ಮೇಜರ್, ಮೈನರ್ ಲೆಕ್ಕವನ್ನೂ ಸುಮ್ನೆ ತಂದು ಅಂಟಿಸಬೇಡಿ.

ಕೃತಿಗಳ ಪಟ್ಟಿ ಚಿಕ್ಕದಿದ್ದರೆ ಚೆಂದ. ಪಾಠಕ್ಕೆ ಹೋದವರಿಗೆಲ್ಲ ಗೊತ್ತಿರುವ ಗೀತೆ ‘ವರವೀಣಾ’, ಪೂಚಿ ಶ್ರೀನಿವಾಸ ಅಯ್ಯಂಗಾರರ ವರ್ಣ ‘ನಿನ್ನುಕೋರಿ’, ತ್ಯಾಗರಾಜರ ‘ನನು ಪಾಲಿಂಪ’. ಇಷ್ಟಿದ್ದರೆ ಶುರುವಿಗೆ ಸಾಕು. ದಾಸರ ಪದಗಳ ವಿಷಯದಲ್ಲಿ ಹುಷಾರು. ಈಗ ಹಾಡುವ ಧಾಟಿಗಳಲ್ಲಿ ಎಷ್ಟೋ ಆಮೇಲೆ ಬಂದವರು ಹಾಕಿದ್ದು. ‘ಪುರಂದರದಾಸರು ಮೋಹನದಲ್ಲಿ ರಚಿಸಿದರು’ ಎನ್ನುವ ಬದಲು ‘ಮೋಹನದಲ್ಲಿ ಹಾಡುವುದುಂಟು’ ಎನ್ನಿ. ಸಿನಿಮಾ ಹಾಡಿಗೂ ಆಧಾರ ಬೇಕು. ನಿಮ್ಮ ಕಿವಿಗೆ ಮೋಹನ ಅನಿಸಿದರೆ ಸಾಲದು.

ಕೊನೆಗೆ, ಪ್ರಕಟಿಸುವ ಗುಂಡಿ ಒತ್ತುವ ಮುನ್ನ ಶ್ರುತಿಪೆಟ್ಟಿಗೆ ಹಾಕಿಕೊಂಡು, ಪುಟದಲ್ಲಿ ಬರೆದಿರುವ ಆರೋಹಣ ಅವರೋಹಣವನ್ನು ಬರೆದ ಹಾಗೆಯೇ ಒಮ್ಮೆ ಹಾಡಿ. ಟೈಪ್ ಮಾಡುವಾಗ 2 ಇರಬೇಕಾದಲ್ಲಿ 1 ಬಿದ್ದಿದ್ದರೆ ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ.