ಚಿನ್ನವಲ್ಲದ ಹೊದಿಕೆ ಮತ್ತು ನಮ್ಮ ಗೋಡೆಪತ್ರಿಕೆ

2023ರ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಿತು. ಮರುದಿನ ಎಂಟನೆಯ ತರಗತಿಗೆ ಕಾಲಿಟ್ಟ ಕೂಡಲೇ ಕೊನೆಯ ಬೆಂಚಿನ ಹುಡುಗಿ ಕೇಳಿದಳು: ‘ಅಕ್ಕೋರೇ, ಅದಕ್ಕೆ ಚಿನ್ನ ಯಾಕೆ ಸುತ್ತಿದ್ದಾರೆ?’ ಬಿಸಿಲು ತಡೆಯಲಿಕ್ಕೆ ಎಂದೆ. ‘ಹಿತ್ತಾಳೆ ಸಾಲುವುದಿಲ್ಲವೇ?’ ಎಂದಳು. ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವಳು ನಾನು. ಗಂಟೆ ಬಾರಿಸಿದ್ದರಿಂದ ಮಾನ ಉಳಿಯಿತು.

ಕಾರವಾರದ ನಮ್ಮ ಶಾಲೆಯ ಮೊಗಸಾಲೆಯಲ್ಲಿ ಒಂದು ಗೋಡೆಪತ್ರಿಕೆ ಇದೆ. ಗಣರಾಜ್ಯೋತ್ಸವಕ್ಕೊಮ್ಮೆ, ಕನ್ನಡ ರಾಜ್ಯೋತ್ಸವಕ್ಕೊಮ್ಮೆ ಅದೇ ನಾಲ್ಕು ಕವಿತೆಗಳನ್ನು ಅಂಟಿಸಿ ಕೈ ತೊಳೆದುಕೊಳ್ಳುತ್ತಿದ್ದೆವು. ಅದನ್ನು ತಿಂಗಳಿಗೊಂದು ಬಾಹ್ಯಾಕಾಶದ ಬರಹಕ್ಕೆ ಕೊಡಬೇಕು, ಬರೆಯುವವರು ಹೊರಗಿನವರಾಗಿರಬೇಕು ಎಂದು ಅಂದೇ ತೀರ್ಮಾನಿಸಿದೆ. ನಾನು ಬರೆದರೆ ಪಾಠಪುಸ್ತಕವೇ ಮತ್ತೊಮ್ಮೆ ಬಂದು ಗೋಡೆಗೆ ಅಂಟಿಕೊಳ್ಳುತ್ತದೆ.

ಮೊದಲು ಹಿಡಿದದ್ದು ದೂರದ ಸಂಬಂಧಿಕರೊಬ್ಬರನ್ನು. ಉಪಗ್ರಹ ಕಟ್ಟುವ ಕೆಲಸದಲ್ಲಿ ಆಯುಷ್ಯ ಕಳೆದು, ನಿವೃತ್ತರಾಗಿ ಶಿರಸಿ ಕಡೆಯ ಅಡಿಕೆ ತೋಟಕ್ಕೆ ಮರಳಿದ ಎಂಜಿನಿಯರ್. ಕೇಳಿದ ವಾರದೊಳಗೆ ಹನ್ನೊಂದು ಪುಟ ಕಳುಹಿಸಿದರು. ಹನ್ನೊಂದೂ ಪುಟಗಳಲ್ಲಿ ‘ಕೈಗೊಳ್ಳಲಾಯಿತು’, ‘ಪರೀಕ್ಷಿಸಲಾಯಿತು’, ‘ಅಳವಡಿಸಲಾಯಿತು’. ಯಾರು ಕೈಗೊಂಡರು, ಯಾರು ಅಳವಡಿಸಿದರು? ಇಡೀ ಉಪಗ್ರಹ ತಾನಾಗಿಯೇ ತಯಾರಾದಂತಿತ್ತು. ತಪ್ಪು ಒಂದೂ ಇರಲಿಲ್ಲ, ಓದಲು ಮಾತ್ರ ಆಗುತ್ತಿರಲಿಲ್ಲ.

ಪತ್ರದಲ್ಲಿ ಹೇಳಿದರೆ ಬೇಸರ ಮಾಡಿಕೊಂಡಾರು ಎಂದು ಡಿಸೆಂಬರಿನ ಒಂದು ಭಾನುವಾರ ಕುಮಟಾ ಮೇಲೆ ದೇವಿಮನೆ ಘಟ್ಟ ಹತ್ತಿ ಹೋದೆ. ಕೊನೆಕೊಯ್ಲಿನ ಹಂಗಾಮು. ಅವರ ಮನೆಯ ಅಂಗಳದ ತುಂಬ ಅಡಿಕೆ. ಜಗಲಿಯ ಮೇಲೆ ಕುಳಿತು ಒಂದೇ ಪ್ರಶ್ನೆ ಕೇಳಿದೆ: ‘ಅಣ್ಣಾ, ಕಚೇರಿಗೆ ಹೋದ ಮೇಲೆ ನೀವು ಕೈಯಲ್ಲಿ ಏನು ಹಿಡಿಯುತ್ತಿದ್ದಿರಿ?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಕತ್ತರಿ’ ಎಂದರು.

ಆಮೇಲೆ ಮಾತು ನಿಲ್ಲಲೇ ಇಲ್ಲ. ಆ ‘ಚಿನ್ನ’ದ ಹೊದಿಕೆಯೇ ಅವರ ಕೆಲಸವಾಗಿತ್ತು! ಅದು ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ಹಾಳೆ. ಹಾಳೆಯ ಸ್ವಂತ ಬಣ್ಣ ಜೇನುತುಪ್ಪದ್ದು. ಹಿಂಬದಿಗೆ ಅಲ್ಯುಮಿನಿಯಮ್ ಲೇಪ. ಜೇನುಬಣ್ಣದ ಮೂಲಕ ಹಿಂದಿನ ಬೆಳ್ಳಿಹೊಳಪು ಕಾಣುವುದರಿಂದ ನೋಡುವವರಿಗೆ ಬಂಗಾರ. ಒಳಗೆ ಇನ್ನೂ ತೆಳುವಾದ ಹಾಳೆಗಳು ಪದರ ಪದರವಾಗಿರುತ್ತವೆ. ಎರಡು ಪದರಗಳ ನಡುವೆ ಸೊಳ್ಳೆಪರದೆಯಂಥ ಬಲೆ. ಗಾಳಿಯಿಲ್ಲದ ಜಾಗದಲ್ಲಿ ಶಾಖ ಹರಿಯುವುದು ಎರಡೇ ದಾರಿಯಿಂದ. ಒಂದು ಮುಟ್ಟುವುದರಿಂದ, ಇನ್ನೊಂದು ವಿಕಿರಣದಿಂದ. ಪದರಗಳು ಒಂದನ್ನೊಂದು ಮುಟ್ಟದ ಹಾಗೆ ಬಲೆ ತಡೆಯುತ್ತದೆ, ವಿಕಿರಣವನ್ನು ಹೊಳಪು ಹಿಂದಕ್ಕೆ ಕಳಿಸುತ್ತದೆ. ಹಾಳೆಗಳಿಗೆ ಸಣ್ಣ ಸಣ್ಣ ತೂತುಗಳನ್ನೂ ಇಡಬೇಕು. ಇಲ್ಲದಿದ್ದರೆ ರಾಕೆಟ್ ಮೇಲೇರುವಾಗ ಒಳಗೆ ಸಿಕ್ಕಿದ ಗಾಳಿ ಹೊರಬರಲು ದಾರಿಯಿಲ್ಲದೆ ಹೊದಿಕೆ ಪೂರಿಯ ಹಾಗೆ ಉಬ್ಬಿ ಹರಿಯುತ್ತದೆ. ಮೂಲೆ ಬಂದಲ್ಲಿ ಮಡಚಿ, ಕತ್ತರಿಸಿ, ಟೇಪು ಹಚ್ಚಿ, ಕೆಲವೆಡೆ ಹೊಲಿದು ಕೂರಿಸಬೇಕು. ‘ಕೈಗವಸು ಹಾಕಿಕೊಂಡ ದರ್ಜಿ ನಾನು’ ಎಂದರು. ಅಳತೆ ತೋರಿಸಲು ಅಡಿಕೆಯ ಹಾಳೆಯೊಂದನ್ನು ಎಳೆದುಕೊಂಡು, ಗಿಂಡಿಯ ಸುತ್ತ ಮಡಚಿ, ಎಲ್ಲಿ ಕತ್ತರಿ ಹಾಕಬೇಕೆಂದು ಉಗುರಿನಿಂದ ಗೀರಿದರು.

ಹನ್ನೊಂದು ಪುಟ ಬದಿಗಿಟ್ಟು ಎರಡು ಪುಟ ಬರೆದುಕೊಟ್ಟರು. ಒಂದು ಅಕ್ಷರವನ್ನೂ ತಿದ್ದಲಿಲ್ಲ. ಆದರೆ ತಲೆಬರಹ ನನ್ನದು: ‘ಚಿನ್ನದ ಅಂಗಿ ತೊಟ್ಟ ಉಪಗ್ರಹ’. ಅದನ್ನು ದಪ್ಪ ಹಳದಿ ಅಕ್ಷರಗಳಲ್ಲಿ ಬರೆಸಿ ಅಂಟಿಸಿದೆ. ಮಕ್ಕಳು ತಲೆಬರಹವಷ್ಟನ್ನೇ ಓದಿ ಮನೆಗೆ ಹೋದರು. ಉಪಗ್ರಹಕ್ಕೆ ಚಿನ್ನ ಸುತ್ತುವುದು ಖಾತ್ರಿಯಾಯಿತು ಎಂದು ಒಬ್ಬ ಪಾಲಕರು ಫೋನ್ ಮಾಡಿ ಹೇಳಿದಾಗ ಎದೆ ಧಸಕ್ಕೆಂದಿತು. ಫೋಟೋ ನೋಡಿದ ಎಂಜಿನಿಯರರು ಬೈಯಲಿಲ್ಲ. ‘ತಂಗೀ, ಚಿನ್ನವಲ್ಲ ಎಂದು ಹೇಳಲಿಕ್ಕೇ ನಾನು ಎರಡು ಪುಟ ಬರೆದದ್ದು’ ಎಂದರು. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ತಲೆಬರಹವನ್ನೂ ಬರೆದವರಿಗೆ ತೋರಿಸದೆ ಅಂಟಿಸುವುದಿಲ್ಲ.

ಆಸಕ್ತರ ಕಷ್ಟ ಬೇರೆ. ಕುಮಟೆಯ ಬ್ಯಾಂಕ್ ನೌಕರರೊಬ್ಬರು ಸ್ವಂತ ದೂರದರ್ಶಕ ಇಟ್ಟುಕೊಂಡವರು, ಉತ್ಸಾಹದ ಬುಗ್ಗೆ. ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಮೇಲೆಯೇ ಇಳಿಯಿತು ಎಂದು ಬರೆದಿದ್ದರು. ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಅಲ್ಲಿಂದ ಧ್ರುವಕ್ಕೆ ಇನ್ನೂ 600 ಕಿಲೋಮೀಟರಿಗಿಂತ ಹೆಚ್ಚು ದೂರ. ಬೆಂಗಳೂರಿನ ಬಸ್‌ನಿಲ್ದಾಣದಲ್ಲಿ ಇಳಿದು ‘ಕಾರವಾರ ಮುಟ್ಟಿದೆ’ ಎಂದ ಹಾಗಾಯಿತು ಎಂದೆ. ಅವರಿಗೆ ಸಿಟ್ಟು ಬಂತು, ನಾನು ದೇಶದ ಸಾಧನೆಯನ್ನು ಕಡಿಮೆ ಮಾಡುತ್ತಿದ್ದೇನೆ ಎಂದರು. ಅಷ್ಟು ದಕ್ಷಿಣಕ್ಕೆ ಅದುವರೆಗೆ ಯಾರೂ ಮೆಲ್ಲಗೆ ಇಳಿದಿರಲಿಲ್ಲ, ಆ ಸತ್ಯವೇ ಸಾಕಷ್ಟು ದೊಡ್ಡದಲ್ಲವೇ ಎಂದು ಮೂರು ಸಲ ಹೇಳಬೇಕಾಯಿತು. ಕೊನೆಗೆ ‘ಧ್ರುವದ ಸಮೀಪ’ ಎಂಬಲ್ಲಿಗೆ ರಾಜಿಯಾಯಿತು. ನನಗೆ ‘ಸಮೀಪ’ವೂ ಸ್ವಲ್ಪ ಧಾರಾಳವೆಂದೇ ಅನಿಸಿತು; ಆದರೆ ಅತಿಥಿಯೊಡನೆ ಎಷ್ಟು ಜಗಳವಾಡುವುದು.

ಎಲ್ಲರಿಗಿಂತ ಕಡಿಮೆ ಕೆಲಸ ಕೊಟ್ಟವರು ಸಂಗೀತ ಕಲಿಸುವ ಹಿರಿಯ ಕೊಂಕಣಿ ಬಾಯಿಯೊಬ್ಬರು. 1977ರಲ್ಲಿ ಹೊರಟ ನಾಸಾದ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿರುವ ಧ್ವನಿತಟ್ಟೆಯಲ್ಲಿ ಹಿಂದುಸ್ತಾನಿ ಗಾಯಕಿ ಕೇಸರಬಾಯಿ ಕೇರಕರರ ಭೈರವಿ ಇದೆ. ಕೇಸರಬಾಯಿ ನಮ್ಮ ನೆರೆಯ ಗೋವೆಯ ಕೇರಿ ಊರಿನವರು. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡದ್ದೂ ಒಂದಿದೆ. ಬಾಯಿ ಬರೆದದ್ದು ಒಂದೇ ಪುಟ, ಅದೂ ಭೈರವಿಯನ್ನು ಕಛೇರಿಯ ಕೊನೆಗೆ ಹಾಡುವುದೇಕೆ ಎಂಬುದರ ಮೇಲೆ. ತಟ್ಟೆ ತಾಮ್ರದ್ದು, ಮೇಲಿನ ಲೇಪ ಚಿನ್ನದ್ದು ಎಂಬ ಟಿಪ್ಪಣಿಯನ್ನು ನಾನು ಸೇರಿಸಿದೆ. ಎರಡು ಸಲ ಪರೀಕ್ಷಿಸಿಯೇ ಸೇರಿಸಿದೆ!

ಬೈತಖೋಲ ಬಂದರಿನ ತಾಂಡೇಲರೊಬ್ಬರು, ಅಂದರೆ ಮೀನುಗಾರಿಕೆ ಬೋಟು ನಡೆಸುವವರು, ಬರೆಯುವುದಿಲ್ಲ ಎಂದರು, ಹೇಳುತ್ತೇನೆ ಎಂದರು. ಜೂನ್ ತಿಂಗಳು, ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ದಡಕ್ಕೆ ಕಟ್ಟಿದ್ದವು. ಅವರು ಬಲೆ ದುರಸ್ತಿ ಮಾಡುತ್ತ ಹೇಳಿದರು, ನಾನು ಬರೆದುಕೊಂಡೆ. ‘ಉಪಗ್ರಹ ಮೀನು ಎಲ್ಲಿದೆಯೆಂದು ತೋರಿಸುತ್ತದೆ’ ಎಂದು ಬರೆದದ್ದನ್ನು ಓದಿ ಹೇಳಿದಾಗ ತಡೆದರು. ‘ಮೀನನ್ನಲ್ಲ ಅಕ್ಕೋರೇ, ನೀರಿನ ಬಣ್ಣವನ್ನು.’ ನಿಜ. 2022ರ ನವೆಂಬರಿನಲ್ಲಿ ಹಾರಿದ ಓಷನ್‌ಸ್ಯಾಟ್-3ರಂಥ ಉಪಗ್ರಹಗಳು ನೋಡುವುದು ಸಸ್ಯಪ್ಲವಕಗಳಿಂದ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಿಂದ, ಹಸಿರೇರಿದ ನೀರನ್ನು. ಅದರ ಜೊತೆ ಸಮುದ್ರದ ಮೇಲ್ಮೈಯ ಉಷ್ಣತೆಯನ್ನೂ ಹೊಂದಿಸಿ, ಮೀನು ಸೇರಬಹುದಾದ ಜಾಗಗಳನ್ನು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ತಿಳಿಸುತ್ತದೆ. ‘ಸಂದೇಶ ನನಗೊಬ್ಬನಿಗೇ ಬರುವುದಿಲ್ಲವಲ್ಲ. ನಾನು ಮುಟ್ಟುವಷ್ಟರಲ್ಲಿ ಅಲ್ಲಿ ಇಪ್ಪತ್ತು ಬೋಟು ಇರುತ್ತವೆ’ ಎಂದು ನಕ್ಕರು. ಈ ಮಾತನ್ನು ಹಾಗೆಯೇ ಇಟ್ಟೆ. ಕೊನೆಗೆ ಅವರೇ ಒಂದು ಪ್ರಶ್ನೆ ಹಾಕಿದರು: ಮೋಡ ಕವಿದರೆ ಉಪಗ್ರಹಕ್ಕೂ ಕಣ್ಣು ಕಾಣುವುದಿಲ್ಲವೇ?

ಬಣ್ಣ ನೋಡುವ ಉಪಗ್ರಹಕ್ಕೆ ಕಾಣುವುದಿಲ್ಲ. ಅಷ್ಟು ನನಗೆ ಗೊತ್ತಿತ್ತು. ಪ್ರಶ್ನೆಯನ್ನು ಬರಹದ ಕೆಳಗೆ ಕೆಂಪು ಶಾಯಿಯಲ್ಲಿ ಬರೆಸಿ, ಫೋಟೋವನ್ನು ಶಿರಸಿಗೆ ಕಳುಹಿಸಿದೆ.

ಅದರ ಮುಂದಿನ ವರ್ಷ, 2025ರ ಜುಲೈ 30ರಂದು, ನಿಷೇಧ ಮುಗಿಯಲು ಒಂದು ದಿನ ಉಳಿದಿರುವಾಗ, ಶ್ರೀಹರಿಕೋಟಾದಿಂದ ನಿಸಾರ್ ಹಾರಿತು. ಇಸ್ರೋ ಮತ್ತು ನಾಸಾ ಕೂಡಿ ಕಟ್ಟಿದ ರೇಡಾರ್ ಉಪಗ್ರಹ. ವಾರದಲ್ಲಿ ಎಂಜಿನಿಯರರ ಲಕೋಟೆ ಬಂತು. ರೇಡಾರಿನ ಅಲೆಗಳಿಗೆ ಮೋಡವೂ ಕತ್ತಲೆಯೂ ಅಡ್ಡಿಯಲ್ಲ ಎಂದು ಬರೆದಿದ್ದರು. ‘ತಾಂಡೇಲರು ಕ್ಷಮಿಸಬೇಕು, ಇದು ನೀರಿನ ಹಸಿರು ನೋಡುವುದಿಲ್ಲ, ಮೀನಿಗೆ ಉಪಯೋಗವಿಲ್ಲ’ ಎಂದೂ ಸೇರಿಸಿದ್ದರು. 12 ದಿನಕ್ಕೊಮ್ಮೆ ಅದೇ ನೆಲವನ್ನು ಮತ್ತೆ ನೋಡಿ, ಗುಡ್ಡ ಸೆಂಟಿಮೀಟರುಗಳಷ್ಟು ಸರಿದರೂ ಗುರುತಿಸುವುದು ಅದರ ಕೆಲಸ. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿದ್ದದ್ದನ್ನು ಕಂಡ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಉಳಿದ ಒಂದು ಪುಟ ಪೂರ್ತಿ ಆ ರೇಡಾರಿನ ಪ್ರತಿಫಲಕದ ಮೇಲೆ. ಅಗಲ 12 ಮೀಟರ್. ಕೊಡೆಯ ಹಾಗೆ ಮಡಚಿಟ್ಟು ಕಳುಹಿಸಿ, ಮೇಲೆ ಹೋದ ಮೇಲೆ ಬಿಚ್ಚುವಂಥದ್ದು. ಗಟ್ಟಿ ತಟ್ಟೆಯಲ್ಲ, ಸಣ್ಣ ತಂತಿಯಿಂದ ಹೆಣೆದ ಬಲೆ. ತಂತಿಗೆ ಚಿನ್ನದ ಲೇಪ. ಈ ಸಲ ತಲೆಬರಹವನ್ನು ಅವರೇ ಬರೆದು, ಕೆಳಗೆ ಎರಡು ಗೆರೆ ಎಳೆದು ಕಳುಹಿಸಿದ್ದರು: ‘ಚಿನ್ನದ ಬಲೆ (ತಂಗೀ, ಹೌದು, ಇದು ನಿಜವಾಗಿಯೂ ಚಿನ್ನ)’. ಆವರಣ ಸಹಿತ ಹಾಗೆಯೇ ಅಂಟಿಸಿದೆ.